ಹುಡುಗರಿಗಿಂತ ಮೊದಲು ಮಾಸ್ತರರನ್ನು ಕಳಿಸಿ

ಹೋದ ಶನಿವಾರ ಸಂಜೆ ಬೆಳಗಾವಿಯ ನಮ್ಮ ಶಾಪಿನಲ್ಲಿ ಮಷೀನ್ ಬಂದ್ ಮಾಡಿ ಕೈ ತೊಳೆಯುತ್ತಿದ್ದೆ. ಬಾಗಿಲ ಹತ್ತಿರ ನಮ್ಮ ಹುಡುಗ ನಿಂತಿದ್ದ. ಖಾನಾಪುರ ತಾಲೂಕಿನವನು. ಟರ್ನರ್ ಟ್ರೇಡಿನಲ್ಲಿ ಐಟಿಐ ಮುಗಿಸಿ, ನಮ್ಮಲ್ಲಿ ಅಪ್ರೆಂಟಿಸ್ ಆಗಿ ಬಂದು, ಈಗ ಎರಡು ವರ್ಷದಿಂದ ಸಿಎನ್‌ಸಿ ಲೇತ್ (ಲೋಹವನ್ನು ತಿರುಗಿಸಿ ಕೆತ್ತುವ ಕಂಪ್ಯೂಟರ್ ಮಷೀನ್) ನೋಡಿಕೊಳ್ಳುತ್ತಾನೆ. ಪಗಾರ ಜಾಸ್ತಿ ಮಾಡಿ ಅಂತ ಕೇಳೋಕೆ ಬಂದಿರಬೇಕು ಅಂದುಕೊಂಡೆ. ಅದಲ್ಲ.

"ಸರ, ಜರ್ಮನಿಗೆ ಹೋಗಬೇಕಂತ ಮಾಡೇನ್ರಿ. ನಮ್ಮ ಐಟಿಐ ಸರ್ಟಿಫಿಕೇಟ್ ಅಲ್ಲಿ ನಡಿತೈತೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಪ್ರಶ್ನೆ. "ನಮ್ಮ ತಮ್ಮಂದು ಫೌಂಡ್ರಿಮ್ಯಾನ್ ಟ್ರೇಡ್ ರೀ. ಅವಂದು?"

ಫೌಂಡ್ರಿ ಅಂದರೆ ಲೋಹ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುವ ಜಾಗ. ಸೋಮವಾರ ಹೇಳ್ತೀನಿ ಅಂತ ಕಳಿಸಿದೆ. ಭಾನುವಾರ ಪೂರ್ತಿ ಕೂತು ಓದಿದೆ. ಓದುತ್ತಾ ಹೋದ ಹಾಗೆ, ಅವನ ಎರಡು ಪ್ರಶ್ನೆಗೆ ಎರಡು ಬೇರೆ ಬೇರೆ ಉತ್ತರ ಬಂತು. ಅಣ್ಣನಿಗೆ ಒಂದು, ತಮ್ಮನಿಗೆ ಒಂದು. ಅದು ನನ್ನನ್ನು ಬಹಳ ಕಾಡಿತು, ಅದಕ್ಕೇ ನಮ್ಮ ಕಾಲೇಜುಗಳು ಹೊರದೇಶದ ಕಾಲೇಜುಗಳ ಜೊತೆ ಮಾಡಿಕೊಳ್ಳುವ ಒಪ್ಪಂದ ಹೇಗಿರಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಜರ್ಮನಿ 2024ರ ಮಾರ್ಚ್‌ನಿಂದ ಒಂದು ದಾರಿ ಸಲೀಸು ಮಾಡಿದೆ. ಮೊದಲು, ನಿಮ್ಮ ತರಬೇತಿ ನಮ್ಮ ತರಬೇತಿಗೆ ಸಮ ಅಂತ ಅಲ್ಲಿಯವರಿಂದ ಮಾನ್ಯತೆ ತಂದರೇನೇ ಕೆಲಸದ ವೀಸಾ ಸಿಗುತ್ತಿತ್ತು. ಈಗ ಹಲವು ಕೆಲಸಗಳಿಗೆ ಅದು ಬೇಡ. ನಿಮ್ಮ ದೇಶದ ಸರ್ಕಾರ ಮಾನ್ಯ ಮಾಡಿದ ತರಬೇತಿ ಇರಬೇಕು, ಅದು ಕನಿಷ್ಠ ಎರಡು ವರ್ಷದ್ದಾಗಿರಬೇಕು, ಕಳೆದ ಐದು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷ ಆ ಕೆಲಸ ಮಾಡಿದ ಅನುಭವ ಇರಬೇಕು. ಅಲ್ಲಿಯ ಕಂಪನಿ ಕೆಲಸ ಕೊಡ್ತೀವಿ ಅನ್ನಬೇಕು, ಸಂಬಳಕ್ಕೂ ಒಂದು ಕನಿಷ್ಠ ಮಿತಿ ಇದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ ಹೇಳಿತು.

ಈಗ ನೋಡಿ. ಟರ್ನರ್ ಎರಡು ವರ್ಷದ ಟ್ರೇಡ್. ಫಿಟ್ಟರ್, ಮಷಿನಿಸ್ಟ್, ಎಲೆಕ್ಟ್ರಿಷಿಯನ್ ಕೂಡ ಎರಡು ವರ್ಷ. ಹಾಗಾಗಿ ಅಣ್ಣನಿಗೆ ಬಾಗಿಲು ತಟ್ಟುವ ಹಕ್ಕಾದರೂ ಇದೆ. ಆದರೆ ಫೌಂಡ್ರಿಮ್ಯಾನ್ ಒಂದೇ ವರ್ಷದ ಟ್ರೇಡ್. ವೆಲ್ಡರ್ ಕೂಡ ಒಂದೇ ವರ್ಷ. ತಮ್ಮ ಹತ್ತು ವರ್ಷ ಮೋಲ್ಡಿಂಗ್ (ಮಣ್ಣಿನ ಅಚ್ಚು ಕಟ್ಟುವ ಕೆಲಸ) ಮಾಡಿ ಕೈ ಪಳಗಿಸಿಕೊಂಡರೂ ಕಾಗದದ ಮೇಲೆ ಅವನದು ಒಂದು ವರ್ಷದ ತರಬೇತಿ. ಈ ದಾರಿ ಅವನಿಗೆ ಮುಚ್ಚಿದೆ.

ಬೆಳಗಾವಿಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಫೌಂಡ್ರಿ ಊರು. ಮೂರನೇ ರೈಲ್ವೆ ಗೇಟ್ ದಾಟಿ ಉದ್ಯಮಬಾಗಕ್ಕೆ ಕಾಲಿಟ್ಟರೆ ಸುಟ್ಟ ಮಣ್ಣಿನ ವಾಸನೆ ಬರುತ್ತೆ. ಮಚ್ಛೆ, ಕಾಕತಿ, ಹೊನಗ, ಎಲ್ಲಿ ಹೋದರೂ ಒಂದು ಫೌಂಡ್ರಿ, ಪಕ್ಕದಲ್ಲಿ ನಾಲ್ಕು ಮಷೀನ್ ಶಾಪ್. ಪಂಪ್, ವಾಲ್ವ್, ಗಾಡಿಯ ಭಾಗ, ಹೈಡ್ರಾಲಿಕ್ ಬ್ಲಾಕ್, ಎಲ್ಲದಕ್ಕೂ ಇಲ್ಲಿಂದ ಕಾಸ್ಟಿಂಗ್, ಅಂದರೆ ಅಚ್ಚಿನಲ್ಲಿ ಹೊಯ್ದ ಭಾಗ, ಹೋಗುತ್ತೆ. ಹತ್ತರಗಿಯಲ್ಲಿ ಏರ್‌ಬಸ್ ವಿಮಾನದ ಭಾಗ ತಯಾರಾಗುತ್ತೆ. ಇಷ್ಟೆಲ್ಲ ಇರುವ ಊರಿನ ಮೂಲ ಕಸುಬಿಗೇ ಹೊರಗಡೆ ಬೆಲೆ ಇರುವ ಕಾಗದ ಇಲ್ಲ ಅಂದರೆ, ಅದು ಹುಡುಗರ ತಪ್ಪಲ್ಲ ಅಲ್ವಾ?

ಇಂಥ ಕಡೆಯೇ ಹೊರದೇಶದ ಕಾಲೇಜಿನ ಜೊತೆಗಿನ ಒಪ್ಪಂದ ಕೆಲಸಕ್ಕೆ ಬರಬೇಕು. ಒಂದು ವರ್ಷದ ಟ್ರೇಡಿನ ಮೇಲೆ ಇನ್ನೊಂದು ವರ್ಷದ ಮಾನ್ಯತೆ ಇರುವ ಕೋರ್ಸ್ ಕಟ್ಟಬೇಕು, ಅದರ ಪಠ್ಯ ಎರಡೂ ಕಡೆಯವರು ಕೂತು ಬರೆಯಬೇಕು, ಪರೀಕ್ಷೆ ಇಬ್ಬರೂ ಒಪ್ಪಬೇಕು. ಅಂಥ ಒಪ್ಪಂದ ನಾನು ನಮ್ಮ ಕಡೆ ನೋಡಿಲ್ಲ. ನೋಡಿರುವುದು ಬೇರೆ ತರಹದ್ದು.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಕಾಲೇಜು ಹೊರದೇಶದ ಒಂದು ಕಾಲೇಜಿನ ಜೊತೆ ಒಪ್ಪಂದ ಮಾಡಿಕೊಂಡಿತು. ಹೆಸರು ಬೇಡ. ಅಲ್ಲಿಂದ ಐದು ಜನ ಬಂದಿದ್ದರು. ಊರಿನ ಕೈಗಾರಿಕೆಯ ಪರವಾಗಿ ನಮ್ಮಂಥ ಕೆಲವರನ್ನೂ ಕರೆದಿದ್ದರು. ಹಾರ, ಶಾಲು, ಕುಂದಾ ಡಬ್ಬಿ ಎಲ್ಲ ಆಯಿತು. ಮಧ್ಯಾಹ್ನ ಅವರನ್ನು ಒಂದು ಫೌಂಡ್ರಿ ತೋರಿಸೋಕೆ ಕರೆದುಕೊಂಡು ಹೋದೆವು.

ನಾಲ್ಕು ಜನ ಮಾಲೀಕರ ಜೊತೆ ಮುಂದೆ ನಡೆದರು. ಒಬ್ಬರು ಹಿಂದೆ ಉಳಿದರು. ವಯಸ್ಸಾದವರು, ಅಲ್ಲಿಯ ವರ್ಕ್‌ಶಾಪಿನ ಮಾಸ್ತರರು. ಮೋಲ್ಡಿಂಗ್ ಮಾಡುತ್ತಿದ್ದ ನಮ್ಮ ಕಾಕಾನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಒಂದು ಮುಷ್ಟಿ ಮಣ್ಣು ತೆಗೆದುಕೊಂಡು ಬಿಗಿಯಾಗಿ ಹಿಡಿದರು. ಮುಷ್ಟಿ ಬಿಚ್ಚಿ, ಆ ಮುದ್ದೆಯನ್ನು ಎರಡು ತುಂಡು ಮಾಡಿ, ಮುರಿದ ಅಂಚು ನೋಡಿದರು. ಅಂಚು ಉದುರದೆ ನಿಂತಿದೆಯೋ ಇಲ್ಲವೋ ಅಂತ. ಮಣ್ಣಿಗೆ ನೀರು ಸರಿಯಾಗಿದೆಯಾ ಅಂತ ನಮ್ಮ ಕಾಕಾ ದಿನಾ ಬೆಳಗ್ಗೆ ಮಾಡುವುದೂ ಅದನ್ನೇ. ಕಾಕಾಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಮರಾಠಿ ಎರಡೂ ಬರಲ್ಲ. ಆದರೆ ಹತ್ತು ನಿಮಿಷದಲ್ಲಿ ಇಬ್ಬರೂ ಕೈಸನ್ನೆಯಲ್ಲೇ ಗಾಳಿ ಹೊರಹೋಗುವ ವೆಂಟ್ ಎಲ್ಲಿ ಚುಚ್ಚಬೇಕು, ಹೆಚ್ಚುವರಿ ಲೋಹ ನಿಲ್ಲುವ ರೈಸರ್ ಎಷ್ಟು ದಪ್ಪ ಇರಬೇಕು ಅಂತ ಮಾತಾಡಿಬಿಟ್ಟರು. ಕಾಕಾ ಒಂದು ಕಡೆ ತಲೆ ಅಲ್ಲಾಡಿಸಿ, ಇಲ್ಲ, ಹಾಗೆ ಮಾಡಿದರೆ ಲೋಹದೊಳಗೆ ಗಾಳಿ ಸಿಕ್ಕಿ ಬ್ಲೋ ಹೋಲ್ ಬರುತ್ತೆ ಅಂತ ತೋರಿಸಿದರು. ಆ ಮಾಸ್ತರರು ಒಪ್ಪಿದರು. ನನಗೆ ರೋಮಾಂಚನ ಆಯಿತು. ಒಪ್ಪಂದ ಅಂದರೆ ಇದು ಅನಿಸಿತು.

ಆ ಮಾಸ್ತರರು ಮತ್ತೆ ಬರಲಿಲ್ಲ.

ಒಪ್ಪಂದದ ಕಾಗದದಲ್ಲಿ ಇದ್ದದ್ದು ವಿದ್ಯಾರ್ಥಿಗಳ ವಿಷಯ. ಇಲ್ಲಿ ಒಂದು ವರ್ಷ ಓದಿ, ಉಳಿದದ್ದು ಅಲ್ಲಿ ಓದಬೇಕು. ಅಲ್ಲಿಯ ಫೀಸು ಅವರೇ ಕಟ್ಟಬೇಕು. ಬೈಲಹೊಂಗಲ, ಹುಕ್ಕೇರಿ, ಖಾನಾಪುರದಿಂದ ಬಸ್ ಹತ್ತಿ ಬರುವ ಮಕ್ಕಳು ಅಷ್ಟು ದುಡ್ಡು ಎಲ್ಲಿಂದ ತರಬೇಕು? ಒಬ್ಬನೂ ಹೋಗಲಿಲ್ಲ. ಒಂದು ತರಬೇತಿ ಮಷೀನ್ ಕಳಿಸಿದ್ದರು. ಅದನ್ನು ಕಲಿಸಬೇಕಾದ ಬೋಧಕರಿಗೆ ತರಬೇತಿ ಕೊಟ್ಟಿರಲಿಲ್ಲ. ನಾನು ಎರಡು ವರ್ಷದ ನಂತರ ಹೋದಾಗ ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಅಲ್ಲಿಯ ಬೋಧಕರೇ ಬೇಜಾರಲ್ಲಿ ಹೇಳಿದರು, "ಸರ್, ಇದನ್ನು ಮುಟ್ಟೋಕೆ ನಮಗೇ ಭಯ, ಕೆಟ್ಟರೆ ಯಾರು ಜವಾಬ್ದಾರಿ?" ಅವರ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಕಡೆ ಎಷ್ಟೋ ಬೋಧಕರು ಅತಿಥಿ ಬೋಧಕರು, ಮುಂದಿನ ವರ್ಷ ತಾವೇ ಇರ್ತೀವೋ ಇಲ್ವೋ ಅವರಿಗೆ ಗೊತ್ತಿಲ್ಲ.

ಹೊರದೇಶದವರ ಜೊತೆ ಸೇರಿ ಕಸುಬು ಕಲಿಸುವುದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಚೆನ್ನಾಗಿ ಆದದ್ದೂ ಉಂಟು. ನಾನೇ ಅದರ ಫಲ ಉಂಡವನು.

ನಾನು ಓದಿದ್ದು ಬೆಂಗಳೂರು ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ), ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಕಾರ್ಖಾನೆಯ ಉಪಕರಣ ಮತ್ತು ಅಚ್ಚು ಮಾಡುವ ಕಸುಬು. ಅದು 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದ ಸಂಸ್ಥೆ. ನಾನು ಸೇರುವ ಹೊತ್ತಿಗೆ ಡೆನ್ಮಾರ್ಕಿನವರು ಯಾರೂ ಇರಲಿಲ್ಲ. ಆದರೆ ಕಲಿಸುವ ಶಿಸ್ತು ಇತ್ತು. ಮೊದಲ ಕೆಲವು ವಾರ ಮಷೀನ್ ಮುಟ್ಟೋಕೆ ಬಿಡಲಿಲ್ಲ. ಒಂದು ಎಂಎಸ್ (ಮೆದು ಉಕ್ಕಿನ) ತುಂಡು, ಉಜ್ಜೋಕೆ ಒಂದು ಫೈಲ್ (ಅರ), ಮೂಲೆ ಸರಿ ಇದೆಯಾ ನೋಡೋಕೆ ಒಂದು ಟ್ರೈಸ್ಕ್ವೇರ್. ಉಜ್ಜಬೇಕು, ಬೆಳಕಿಗೆ ಹಿಡಿಯಬೇಕು, ಟ್ರೈಸ್ಕ್ವೇರ್ ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜಬೇಕು. ಅಂಗೈಯಲ್ಲಿ ಬೊಬ್ಬೆ ಬಂದು ಒಡೆದು ಗಟ್ಟಿಯಾದ ಮೇಲೆ ಮಾಸ್ತರರು ಬಂದು, ಆ ತುಂಡನ್ನು ಸರ್ಫೇಸ್ ಪ್ಲೇಟ್ ಮೇಲಿಟ್ಟು, ಏನೂ ಮಾತಾಡದೆ ಪಕ್ಕದ ಬೆಂಚಿಗೆ ಹೋದರು. ಪಾಸ್ ಅಂತ ಅರ್ಥ. ಮೂರು ವರ್ಷ ಒಳಗೆ, ಒಂದು ವರ್ಷ ಕಂಪನಿಯಲ್ಲಿ. ಆ ಕಂಪನಿಯ ವರ್ಷದಲ್ಲಿ ನಾನು ಕಲಿತದ್ದರ ಮೇಲೆ ಇವತ್ತೂ ಊಟ ಮಾಡುತ್ತಿದ್ದೇನೆ.

ಡೆನ್ಮಾರ್ಕಿನವರು ಹೋದ ಮೇಲೂ ಅದು ನಿಲ್ಲಲಿಲ್ಲ, ಬೆಳೆಯಿತು. ಇವತ್ತು ಬೆಳಗಾವಿಯಲ್ಲೂ ಜಿಟಿಟಿಸಿ ಇದೆ, ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲೂ ಇದೆ. ಕೃಷ್ಣಾ ಮಲಪ್ರಭಾ ಕೂಡುವ ಜಾಗದಲ್ಲಿ, ಕಾಯಕದ ಮಾತು ಹೇಳಿದ ಬಸವಣ್ಣನವರು ಐಕ್ಯರಾದ ಊರಿನಲ್ಲಿ ಹಳ್ಳಿ ಮಕ್ಕಳು ಡೈ ಮಾಡೋದು ಕಲೀತಾರೆ ಅನ್ನೋದನ್ನು ನೆನೆದಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತೆ.

ಧಾರವಾಡದ ಎನ್‌ಟಿಟಿಎಫ್ ತರಬೇತಿ ಸಂಸ್ಥೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಅದರ ಮೂಲ ಕೇರಳದ ತಲಶ್ಶೇರಿ ಹತ್ತಿರದ ನೆಟ್ಟೂರು. 1959ರಲ್ಲಿ ಸ್ವಿಟ್ಜರ್ಲೆಂಡಿನ ಹೆಕ್ಸ್ ಅನ್ನುವ ಸಂಸ್ಥೆಯ ನೆರವಿನಿಂದ ಹುಟ್ಟಿದ್ದು. ಇನ್ನೂ ಹಿಂದೆ ಹೋದರೆ ಬಾಸೆಲ್ ಮಿಷನ್. ಕಿಟ್ಟೆಲ್ ಅವರ 1894ರ ಕನ್ನಡ ನಿಘಂಟಿನಿಂದ ನಮಗೆಲ್ಲ ಆ ಹೆಸರು ಪರಿಚಯ. ಅದೇ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅವರ ಧರ್ಮಪ್ರಚಾರದ ವಿಷಯ ಬೇರೆ, ಅದರ ಬಗ್ಗೆ ಇಲ್ಲಿ ಮಾತಿಲ್ಲ. ಹಂಚು ಮಾಡುವ ಕಸುಬು ಮಾತ್ರ ಕರಾವಳಿಯವರ ಕೈಗೆ ಬಂತು, ಮುಂದೆ ಅವರದೇ ಕಾರ್ಖಾನೆಗಳಾದವು.

ಇವೆಲ್ಲ ಯಾಕೆ ಉಳಿದವು? ನನಗೆ ಕಾಣುವ ಕಾರಣ ಒಂದೇ. ಅಲ್ಲಿಂದ ಇಲ್ಲಿಗೆ ಬಂದದ್ದು ಕಲಿಸುವವರು. ಇಲ್ಲಿಯವರನ್ನು ಕಲಿಸುವವರನ್ನಾಗಿ ಮಾಡಿ, ಕೀಲಿಕೈ ಕೊಟ್ಟು ಹೋದರು. ಈಗಿನ ಬಹಳ ಒಪ್ಪಂದಗಳಲ್ಲಿ ದಾರಿ ಉಲ್ಟಾ. ಇಲ್ಲಿಂದ ಅಲ್ಲಿಗೆ ಹೋಗುವುದು ಮಕ್ಕಳು, ಅವರ ಹಿಂದೆ ಅಪ್ಪನ ಹೊಲದ ಮೇಲೆ ತಂದ ಸಾಲ.

ಆ ದಾರಿ ಎಷ್ಟು ಬೇಗ ಮುಚ್ಚಬಹುದು ಅನ್ನೋದಕ್ಕೆ ಕೆನಡಾ ನೋಡಿ. ಅಲ್ಲಿಯ ಕಾಲೇಜುಗಳು ಕಸುಬು ಕಲಿಸುವುದರಲ್ಲಿ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಒಂಟಾರಿಯೋದಲ್ಲಿ ಪ್ರತಿ ಕೋರ್ಸಿಗೂ ಹೊರಗಿನ ಕೈಗಾರಿಕೆಯವರು ಇರುವ ಒಂದು ಸಲಹಾ ಸಮಿತಿ ಇರಲೇಬೇಕು, ಪಠ್ಯದ ಬಗ್ಗೆ ಅವರು ಬಾಯಿ ಹಾಕಬಹುದು. ಅಷ್ಟೆಲ್ಲ ಇದ್ದರೂ 2024ರ ಜನವರಿಯಲ್ಲಿ ಕೆನಡಾ ಸರ್ಕಾರ ಹೊರದೇಶದ ವಿದ್ಯಾರ್ಥಿಗಳ ಪರ್ಮಿಟ್‌ಗೆ ಮಿತಿ ಹಾಕಿತು. ನವೆಂಬರ್‌ನಿಂದ ಓದು ಮುಗಿದ ಮೇಲಿನ ಕೆಲಸದ ಪರ್ಮಿಟ್‌ಗೂ ಯಾವ ವಿಷಯ ಓದಿದ್ದೀರಿ ಅನ್ನುವ ಷರತ್ತು ಬಂತು. ವಿದ್ಯಾರ್ಥಿಗಳು ಕಮ್ಮಿಯಾಗಿ ಒಂಟಾರಿಯೋದ ಕಾಲೇಜುಗಳು ಎಷ್ಟೋ ಕೋರ್ಸುಗಳನ್ನೇ ನಿಲ್ಲಿಸಿದವು. ಅದು ಅವರ ದೇಶ, ಅವರ ನಿರ್ಧಾರ. ಆದರೆ ಬರೀ ಮಕ್ಕಳನ್ನು ಕಳಿಸುವುದರ ಮೇಲೆ ನಿಂತ ಒಪ್ಪಂದ ಅಂಥ ಒಂದು ಪ್ರಕಟಣೆಗೆ ಮುಗಿದುಹೋಗುತ್ತೆ. ಇಲ್ಲಿಯ ಒಬ್ಬ ಬೋಧಕ ಅಲ್ಲಿ ಆರು ತಿಂಗಳು ಇದ್ದು ಕಲಿತು ಬಂದಿದ್ದರೆ, ಯಾವ ವೀಸಾ ನಿಯಮ ಬದಲಾದರೂ ಅವರ ಕೈಯಲ್ಲಿರುವುದನ್ನು ಯಾರು ಕಿತ್ತುಕೊಳ್ಳುತ್ತಾರೆ?

ಜರ್ಮನಿಯ ತರಬೇತಿ ಬಗ್ಗೆ ಇಲ್ಲಿ ಎಲ್ಲರೂ ಮಾತಾಡುತ್ತಾರೆ. ವಾರದಲ್ಲಿ ಮೂರು ನಾಲ್ಕು ದಿನ ಕಂಪನಿ, ಒಂದೆರಡು ದಿನ ಶಾಲೆ, ಎರಡರಿಂದ ಮೂರೂವರೆ ವರ್ಷ. ಅದನ್ನು ನೋಡಿ ನಮ್ಮ ಐಟಿಐಗಳಲ್ಲೂ 2016ರಿಂದ ಡ್ಯುಯಲ್ ಸಿಸ್ಟಮ್ ಅಂತ ಶುರು ಮಾಡಿದ್ದಾರೆ. ಒಳ್ಳೆಯದೇ. ಆದರೆ ಜರ್ಮನಿಯ ಪದ್ಧತಿಯಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಕಡೆ, ಪರೀಕ್ಷೆಯ ಮೇಲೆ.

ಅಲ್ಲಿ ಕೊನೆಯ ಪರೀಕ್ಷೆಯನ್ನು ಕಲಿಸಿದ ಶಾಲೆ ಮಾಡಲ್ಲ. ಊರಿನ ಚೇಂಬರ್, ಅಂದರೆ ಉದ್ಯಮಗಳ ಮಂಡಳಿ, ಮಾಡುತ್ತೆ. ಪರೀಕ್ಷೆ ಸಮಿತಿಯಲ್ಲಿ ಮಾಲೀಕರ ಕಡೆಯವರು ಎಷ್ಟು ಜನವೋ ಕೆಲಸಗಾರರ ಕಡೆಯವರೂ ಅಷ್ಟೇ ಜನ ಇರಬೇಕು, ಜೊತೆಗೆ ಕನಿಷ್ಠ ಒಬ್ಬರು ಶಾಲೆಯ ಬೋಧಕರು. ಕಂಪನಿಯಲ್ಲಿ ಹುಡುಗರಿಗೆ ಕಲಿಸುವವರು ಕೂಡ, ಕಲಿಸುವ ಅರ್ಹತೆ ತಮಗಿದೆ ಅಂತ ತೋರಿಸಬೇಕು. ಬರೀ ಸೀನಿಯರ್ ಆಪರೇಟರ್ ಅಂತ ಹುಡುಗರನ್ನು ಕೈಗೆ ಕೊಟ್ಟುಬಿಡಲ್ಲ. ಕಲಿಯುವವನಿಗೆ ಕಂಪನಿಯೇ ತಿಂಗಳು ತಿಂಗಳು ದುಡ್ಡು ಕೊಡಬೇಕು. ಅದಕ್ಕೂ ಕಾನೂನಿನ ಕನಿಷ್ಠ ಮಿತಿ ಇದೆ. 2025ರಲ್ಲಿ ಸೇರಿದವರಿಗೆ ಮೊದಲ ವರ್ಷ ತಿಂಗಳಿಗೆ 682 ಯೂರೋ.

ಈ ಕೊನೆಯ ಮಾತನ್ನು ದಯವಿಟ್ಟು ನಿಮ್ಮ ಮನೆಯ ಮಕ್ಕಳಿಗೆ ಹೇಳಿ. ಜರ್ಮನಿಯ ಈ ಪದ್ಧತಿಯಲ್ಲಿ ಕಲಿಯುವವನಿಗೆ ದುಡ್ಡು ಕೊಡುತ್ತಾರೆ, ಅವನಿಂದ ಕಂಪನಿ ದುಡ್ಡು ಇಸಿದುಕೊಳ್ಳಲ್ಲ. ನಮ್ಮ ಓಣಿಯ ಒಬ್ಬ ಹುಡುಗ "ಸೀಟು ಬುಕ್ ಮಾಡೋಕೆ" ಅಂತ ಒಬ್ಬ ಏಜೆಂಟನಿಗೆ ಲಕ್ಷಗಟ್ಟಲೆ ಕೊಟ್ಟ. ಒಂದೂವರೆ ವರ್ಷ ಆಯಿತು. ಅವರಮ್ಮ ಸಿಕ್ಕಾಗಲೆಲ್ಲ ನನ್ನ ಮುಖ ನೋಡ್ತಾರೆ, ನಾನು ಏನೋ ಮಾಡಬಲ್ಲೆ ಅನ್ನೋ ಹಾಗೆ. ಆ ಹುಡುಗನಿಗೆ ಜರ್ಮನ್ ಭಾಷೆ ಒಂದಕ್ಷರ ಕಲಿಸಿರಲಿಲ್ಲ. ಅಲ್ಲಿ ಅಪ್ರೆಂಟಿಸ್ ಆಗಿ ಹೋಗೋಕೆ ಸಾಮಾನ್ಯವಾಗಿ ಬಿ1 ಮಟ್ಟದ, ಅಂದರೆ ದಿನದ ವ್ಯವಹಾರ ನಡೆಸುವಷ್ಟು, ಜರ್ಮನ್ ಬೇಕು. ಭಾಷೆಯ ಮಾತೇ ಎತ್ತದೆ ದುಡ್ಡಿನ ಮಾತು ಎತ್ತಿದವನ ಹತ್ತಿರ ಕೂರಬೇಡಿ.

ಜಪಾನಿನ ದಾರಿಯೂ ಇದೆ. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಮಾಡಿಕೊಂಡ ಒಪ್ಪಂದದ ಪ್ರಕಾರ ನುರಿತ ಕೆಲಸಗಾರರು ಐದು ವರ್ಷದವರೆಗೆ ಅಲ್ಲಿ ಕೆಲಸ ಮಾಡಬಹುದು. ಕಸುಬಿನ ಪರೀಕ್ಷೆ ಒಂದು, ಜಪಾನಿ ಭಾಷೆಯಲ್ಲಿ ಎನ್4 (ಆರಂಭದ ಮಟ್ಟದ ಪರೀಕ್ಷೆ) ಅಥವಾ ಅದಕ್ಕೆ ಸಮನಾದ ಪರೀಕ್ಷೆ ಒಂದು. ಇಲ್ಲಿ ಕಾಸ್ಟಿಂಗ್ ಕೆಲಸವೂ ಪಟ್ಟಿಯಲ್ಲಿದೆ, ಮತ್ತು ಎಷ್ಟು ವರ್ಷದ ಸರ್ಟಿಫಿಕೇಟ್ ಅಂತ ಕೇಳಲ್ಲ, ಪರೀಕ್ಷೆ ಪಾಸಾಗು ಅಂತಾರೆ. ಹಾಗಾಗಿ ತಮ್ಮನಿಗೆ ನಾನು ಇದನ್ನು ಹೇಳಿದ್ದೇನೆ. ಬಿಡದಿಯಲ್ಲಿ ಟೊಯೋಟಾದವರು 2007ರಿಂದ ತರಬೇತಿ ಶಾಲೆ ನಡೆಸುತ್ತಿದ್ದಾರೆ, ಹಳ್ಳಿಯ ಬಡ ಮಕ್ಕಳನ್ನು ಹತ್ತನೇ ತರಗತಿ ಆದ ಮೇಲೆ ಆರಿಸಿಕೊಂಡು ಮೂರು ವರ್ಷ ಕಲಿಸುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅಂಥದೊಂದು ಯಾಕಿರಬಾರದು ಅಂತ ನನಗೆ ಯಾವಾಗಲೂ ಅನಿಸುತ್ತೆ.

ಭಾಷೆ ವಿಷಯಕ್ಕೆ ಬಂದೆ, ಒಂದು ಮಾತು. ನಮ್ಮ ಹುಡುಗರು ಇಂಗ್ಲಿಷ್ ಬರಲ್ಲ ಅಂತ ಕುಗ್ಗುತ್ತಾರೆ. ಇಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಶಾಪಿನಲ್ಲಿ ಬಿಹಾರದ ಹೆಲ್ಪರ್ ಜೊತೆ ಹಿಂದಿ. ಹದಿನೆಂಟು ವರ್ಷಕ್ಕೆ ಮೂರು ಭಾಷೆ ಬಾಯಲ್ಲಿರುವವರು ಇವರು. ಜರ್ಮನ್ ಆಗಲಿ ಜಪಾನಿ ಆಗಲಿ ಇವರಿಗೆ ಬೆಟ್ಟ ಅಲ್ಲ. ಆದರೆ ಅದನ್ನು ಕನ್ನಡದ ಮೂಲಕ ಕಲಿಸುವ ಮಾಸ್ತರರು ಬೇಕು. ಇಂಗ್ಲಿಷ್ ಮೂಲಕ ಜರ್ಮನ್ ಕಲಿಸಿದರೆ ಪಾಪ ಎರಡು ಬೆಟ್ಟ ಹತ್ತಬೇಕು.

ಇನ್ನೊಂದು ಭಾಷೆ ಇದೆ, ಡ್ರಾಯಿಂಗ್. ಅದೂ ಎಲ್ಲ ಕಡೆ ಒಂದೇ ಅಲ್ಲ. ನಮ್ಮಲ್ಲಿ ಐಟಿಐಯಲ್ಲಿ ಕಲಿಸುವುದು ಹೆಚ್ಚಾಗಿ ಫಸ್ಟ್ ಆಂಗಲ್. ಜರ್ಮನಿಯವರದೂ ಅದೇ. ಅಮೆರಿಕ, ಕೆನಡಾ, ಜಪಾನಿನವರದು ಥರ್ಡ್ ಆಂಗಲ್. ಫಸ್ಟ್ ಆಂಗಲ್‌ನಲ್ಲಿ ಎಡಗಡೆಯಿಂದ ನೋಡಿದ ಚಿತ್ರವನ್ನು ಬಲಗಡೆ ಬರೆಯುತ್ತಾರೆ, ಥರ್ಡ್ ಆಂಗಲ್‌ನಲ್ಲಿ ಎಡಗಡೆಯೇ ಬರೆಯುತ್ತಾರೆ. ಯಾವುದು ಅಂತ ಹೇಳೋಕೆ ಮೂಲೆಯಲ್ಲಿ ಒಂದು ಚಿಕ್ಕ ಗುರುತು ಇರುತ್ತೆ, ಅಷ್ಟೇ. ನಮ್ಮ ಶಾಪಿನಲ್ಲೇ ಒಮ್ಮೆ ಆ ಗುರುತು ನೋಡದೆ 12 ಬ್ರಾಕೆಟ್ ಉಲ್ಟಾ ಮಾಡಿಬಿಟ್ಟೆವು. ಹೋಲ್ ಎಲ್ಲ ಆ ಕಡೆ ಇರಬೇಕಾದ್ದು ಈ ಕಡೆ. ಅಳತೆ ಒಂದೂ ತಪ್ಪಿಲ್ಲ, ಮೈಕ್ರಾನ್ ಲೆಕ್ಕದಲ್ಲಿ ಸರಿ, ಆದರೆ ಹನ್ನೆರಡೂ ಸ್ಕ್ರ್ಯಾಪ್. ಹುಡುಗ ಅತ್ತುಬಿಟ್ಟ. ತಪ್ಪು ಅವನದಲ್ಲ, ಎರಡನೇ ಪದ್ಧತಿಯನ್ನು ಅವನಿಗೆ ಯಾರೂ ಕೈಯಲ್ಲಿ ಮಾಡಿಸಿ ತೋರಿಸಿರಲಿಲ್ಲ. ಎರಡು ದೇಶದ ಬೋಧಕರು ಒಂದು ವಾರ ಒಂದೇ ಬೆಂಚಿನಲ್ಲಿ ಕೂತರೆ ಇಂಥದೆಲ್ಲ ಮೊದಲ ದಿನವೇ ಎದ್ದು ಬರುತ್ತೆ. ಕಾನ್ಫರೆನ್ಸ್ ಹಾಲಿನಲ್ಲಿ ಇದು ಬರೋದೇ ಇಲ್ಲ.

ಮಷೀನ್ ಇಲ್ಲ ಅಂತ ಈಗ ಅಷ್ಟಾಗಿ ಹೇಳುವ ಹಾಗಿಲ್ಲ. ನಮ್ಮ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 4,700 ಕೋಟಿಗೂ ಜಾಸ್ತಿ ಖರ್ಚಿನಲ್ಲಿ ಮೇಲ್ದರ್ಜೆಗೆ ಏರಿಸಿದ್ದಾರೆ, 2022ರ ಜೂನ್‌ನಲ್ಲಿ ಉದ್ಘಾಟನೆ ಆಯಿತು. ರೋಬೋಟ್, ಎಲೆಕ್ಟ್ರಿಕ್ ಗಾಡಿ, ಹೊಸ ಸಿಎನ್‌ಸಿ ಬಂದಿವೆ. ದೊಡ್ಡ ಕೆಲಸ. ಆ ಮಷೀನ್‌ಗಳ ಮುಂದೆ ನಿಲ್ಲುವ ಮಾಸ್ತರರ ಮೇಲೂ ಅಷ್ಟೇ ಮನಸ್ಸಿಟ್ಟು ಖರ್ಚು ಮಾಡಬೇಕು ಅನ್ನೋದು ನನ್ನ ಬೇಡಿಕೆ.

ಹಾಗಾದರೆ ಒಪ್ಪಂದದಲ್ಲಿ ಏನಿರಬೇಕು ಅಂತ ನನ್ನನ್ನು ಕೇಳಿದರೆ, ಮೊದಲ ಎರಡು ವರ್ಷ ಒಬ್ಬ ವಿದ್ಯಾರ್ಥಿಯನ್ನೂ ಕಳಿಸಬೇಡಿ ಅಂತೀನಿ. ನಮ್ಮ ಬೋಧಕರು ನಾಲ್ಕು ಜನ ಹೋಗಲಿ. ಪ್ರವಾಸಕ್ಕಲ್ಲ, ಒಂದು ಪೂರ್ತಿ ಸೆಮಿಸ್ಟರ್ ಅಲ್ಲಿಯ ಮಕ್ಕಳ ಜೊತೆ ಬೆಂಚಿನಲ್ಲಿ ನಿಂತು ಕಲಿಯಲಿ. ಅಲ್ಲಿಯವರು ಇಬ್ಬರು ಇಲ್ಲಿಗೆ ಬಂದು ಮಳೆಗಾಲ ಪೂರ್ತಿ ಇರಲಿ. ಮಳೆಗಾಲ ಅಂತ ಬೇಕಂತಲೇ ಹೇಳಿದೆ, ಬೆಳಗಾವಿ ಮಳೆಯಲ್ಲಿ ಮಣ್ಣಿನ ತೇವ ಹಿಡಿತಕ್ಕೆ ಸಿಗೋದು ಎಷ್ಟು ಕಷ್ಟ ಅಂತ ಅವರೂ ನೋಡಲಿ, ನಮ್ಮ ಕಾಕಾನಂಥವರಿಂದ ಅವರಿಗೂ ಕಲಿಯೋದಿದೆ. ಹೋಗಿ ಬಂದ ಬೋಧಕರನ್ನು ಕನಿಷ್ಠ ಐದು ವರ್ಷ ಅದೇ ಜಾಗದಲ್ಲಿ ಇಟ್ಟುಕೊಳ್ಳಬೇಕು, ಕೆಲಸ ಕಾಯಂ ಮಾಡಬೇಕು. ಫೌಂಡ್ರಿ ಟ್ರೇಡಿಗೆ ಎರಡನೇ ವರ್ಷ ಸೇರಿಸುವ ಪಠ್ಯ ಈ ಆರು ಜನ ಕೂತು ಬರೆಯಲಿ, ಸರ್ಕಾರ ಅದಕ್ಕೆ ಮಾನ್ಯತೆ ಕೊಡಲಿ. ಪರೀಕ್ಷೆಯ ದಿನ ಉದ್ಯಮಬಾಗದಿಂದ ಇಬ್ಬರು ಮಾಲೀಕರು, ಇಬ್ಬರು ಹಳೆಯ ಮೋಲ್ಡರ್‌ಗಳು ಬಂದು ಕೂರಲಿ. ಮೋಲ್ಡರ್‌ಗಳಿಗೆ ಆ ದಿನದ ಪಗಾರ ಕೊಟ್ಟು ಕರೆಸಬೇಕು, ಸುಮ್ನೆ ಬನ್ನಿ ಅನ್ನಬಾರದು.

ಇಷ್ಟಾದ ಮೇಲೆ ಹುಡುಗರು ಹೊರಗೆ ಹೋಗಲಿ, ಸಂತೋಷದಿಂದ ಕಳಿಸೋಣ. ಎಲ್ಲರೂ ಹೋದರೆ ನಮ್ಮ ಶಾಪುಗಳ ಗತಿ ಏನು ಅಂತ ನನ್ನ ಗೆಳೆಯರು ಕೇಳುತ್ತಾರೆ. ನನಗೂ ಆ ಭಯ ಇಲ್ಲ ಅಂತಿಲ್ಲ. ಮಷೀನ್ ಹೊಂದಿಸುವ ಒಳ್ಳೆ ಸೆಟ್ಟರ್ ಒಬ್ಬ ಬಿಟ್ಟು ಹೋದರೆ ಆರು ತಿಂಗಳು ಒದ್ದಾಡಬೇಕು. ಆದರೆ ಹುಡುಗನ ಕಾಗದಕ್ಕೆ ಬೆಲೆ ಇಲ್ಲದಿರುವುದನ್ನೇ ನಂಬಿಕೊಂಡು ಅವನನ್ನು ಇಲ್ಲೇ ಹಿಡಿದಿಟ್ಟುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. ಪಗಾರ ಸರಿಯಾಗಿ ಕೊಟ್ಟು, ಕಲಿಯೋಕೆ ಹೊಸ ಕೆಲಸ ಕೊಟ್ಟು ಇಟ್ಟುಕೊಳ್ಳೋಣ. ಕೆಲವರು ಹೋಗ್ತಾರೆ, ಕೆಲವರು ವಾಪಸ್ ಬರ್ತಾರೆ. ಪುಣೆಗೆ ಹೋದವರು ಬಂದು ಇಲ್ಲಿ ಶಾಪ್ ಹಾಕಿದ್ದನ್ನು ನಾವು ನೋಡಿಲ್ವಾ?

ಸೋಮವಾರ ಹುಡುಗ ಬಂದ. ಅವನಿಗೆ ಎರಡೂ ಉತ್ತರ ಹೇಳಿದೆ. ತಮ್ಮನ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವ ನನಗಿಂತ ಶ್ಯಾಣ್ಯಾ ಇದ್ದಾನ್ರಿ ಸರ" ಅಂದ. ಅವನ ಅನುಭವದ ಪತ್ರ ಆ ದಿನವೇ ಬರೆದುಕೊಟ್ಟೆ. ಸೇರಿದ ತಾರೀಖು, ಮಾಡಿದ ಕೆಲಸ, ಯಾವ ಮಷೀನ್, ಯಾವ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು), ಎಲ್ಲ ಬಿಡಿಸಿ ಬರೆದೆ. ಮಾಲೀಕರೇ, ನಿಮ್ಮ ಹುಡುಗರಿಗೆ ಇಂಥ ಪತ್ರ ಕೊಡಿ, ಪಿಎಫ್ ಸರಿಯಾಗಿ ಕಟ್ಟಿ. ಎರಡು ವರ್ಷದ ಅನುಭವ ಅಂತ ಬಾಯಲ್ಲಿ ಹೇಳಿದರೆ ಯಾವ ದೇಶದವರೂ ನಂಬಲ್ಲ.

ಆಮೇಲೆ ನಮ್ಮ ಕಡೆಯ ಇಬ್ಬರು ಐಟಿಐ ಬೋಧಕರಿಗೆ ಫೋನ್ ಮಾಡಿದೆ. ಹೊರದೇಶದ ಒಪ್ಪಂದ ಬರುವಾಗ ಬರಲಿ, ಅಲ್ಲಿಯವರೆಗೆ ತಿಂಗಳಲ್ಲಿ ಎರಡು ಗುರುವಾರ ನಮ್ಮ ಶಾಪಿಗೆ ಬನ್ನಿ, ಥರ್ಡ್ ಆಂಗಲ್ ಡ್ರಾಯಿಂಗ್ ಇಟ್ಟುಕೊಂಡು ನಿಜವಾದ ಜಾಬ್ ಮಾಡೋಣ ಅಂದೆ. ಒಬ್ಬರು ಯೋಚನೆ ಮಾಡಿ ಹೇಳ್ತೀನಿ ಅಂದರು. ಇನ್ನೊಬ್ಬರು ಈ ಗುರುವಾರವೇ ಬರ್ತೀನಿ, ಆ ಉಲ್ಟಾ ಬ್ರಾಕೆಟ್ ಒಂದಿದ್ದರೆ ತೆಗೆದಿಡಿ, ಮಕ್ಕಳಿಗೆ ತೋರಿಸೋಕೆ ಬೇಕು ಅಂದರು. ಹನ್ನೆರಡರಲ್ಲಿ ಒಂದು ಇನ್ನೂ ರ್‍ಯಾಕ್ ಮೇಲಿತ್ತು. ತುಕ್ಕು ಒರೆಸಿ ಎಣ್ಣೆ ಹಚ್ಚಿ ಇಟ್ಟಿದ್ದೇನೆ.